ವಾಶಿಯಿಂದ ವಿದೇಶಕ್ಕೆ ತಾಜಾ ಹಣ್ಣು-ತರಕಾರಿ: ಯಾವುದು ಮೊದಲು, ಯಾವುದು ಆಮೇಲೆ

ನವಿ ಮುಂಬಯಿಯ ವಾಶಿಯ ಸಗಟು ಮಾರುಕಟ್ಟೆಯಾದ ಎಪಿಎಂಸಿಯಲ್ಲಿ ನಸುಕಿಗೆ ಕೊಂಡ ಬೆಂಡೆಕಾಯಿಯನ್ನು ಅದೇ ರಾತ್ರಿ ಮುಂಬಯಿ ವಿಮಾನ ನಿಲ್ದಾಣದ ಸಹಾರ್ ಕಾರ್ಗೋದಿಂದ ವಿಮಾನಕ್ಕೆ ಹಾಕಿ ದುಬೈಗೆ ಮುಟ್ಟಿಸಬಹುದು. ಅದೇ ಬೆಂಡೆಕಾಯಿಯನ್ನು ಆಮ್‌ಸ್ಟರ್‌ಡ್ಯಾಮಿಗೆ ಕಳಿಸಲು ಬರುವುದಿಲ್ಲ. ಕಾಯಿ ಎಳಸಾಗಿ, ಹಸಿರಾಗಿ, ಚೆನ್ನಾಗಿಯೇ ಇರಬಹುದು. ಆದರೆ ಯಾವ ಹೊಲದ್ದು, ಯಾವ ಔಷಧಿ ಯಾವಾಗ ಹೊಡೆದದ್ದು ಎಂಬ ದಾಖಲೆ ಮಾರ್ಕೆಟ್ಟಿನ ಗಾಳಾದಲ್ಲಿ (ಮಳಿಗೆಯಲ್ಲಿ) ಹುಟ್ಟುವುದಿಲ್ಲ. ಹೊಲದಿಂದಲೇ ಅದು ಮಾಲಿನ ಜೊತೆಗೆ ಬರಬೇಕು.

ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆ ತೋಟವಿದ್ದು ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ರಫ್ತಿಗೆ ಕೈಹಾಕುವಾಗ ಮಾಲು ಮೊದಲು ಕೊಂಡು, ಗಿರಾಕಿಯನ್ನು ಆಮೇಲೆ ಹುಡುಕಿ, ಕಾಗದಪತ್ರವನ್ನು ಕೊನೆಗೆ ಏಜೆಂಟರ ತಲೆಗೆ ಕಟ್ಟುತ್ತಾರೆ. ಈ ಕ್ರಮವನ್ನು ತಿರುವಿ ಹಾಕಬೇಕು. ಮೊದಲು ದೇಶ, ಆಮೇಲೆ ಆ ದೇಶ ಕೇಳುವ ಷರತ್ತು, ಅದಕ್ಕೆ ಹೊಂದುವ ತೋಟ, ಎಲ್ಲಕ್ಕಿಂತ ಕೊನೆಗೆ ಕಟಾವು.

ಹೆಜ್ಜೆ 1: ದೇಶ ಗೊತ್ತುಮಾಡಿಕೊಳ್ಳಿ

ಕೊಲ್ಲಿ ದೇಶಗಳು ಹೊಸಬರಿಗೆ ಸುಲಭ. ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ವ್ಯಾಪಾರದಲ್ಲಿ ಎಲ್ಲರೂ ‘ಫೈಟೊ’ ಎನ್ನುವ ಕಾಗದ, ಅಲ್ಲಿಗೂ ಬೇಕು. ಆದರೆ ಮಾರ್ಕೆಟ್ಟಿನಲ್ಲಿ ಆರಿಸಿ ಕೊಂಡ ಮಾಲು ನಡೆಯುತ್ತದೆ. ಹಡಗಿನಲ್ಲಿ ದುಬೈಯ ಜೆಬೆಲ್ ಅಲಿ ಬಂದರು ಕೆಲವೇ ದಿನಗಳ ದಾರಿ.

ಯೂರೋಪಿಯನ್ ಒಕ್ಕೂಟದ ಲೆಕ್ಕವೇ ಬೇರೆ. 2019ರ ಡಿಸೆಂಬರ್ 14ರಿಂದ ಅನಾನಸ್, ತೆಂಗಿನಕಾಯಿ, ಡ್ಯುರಿಯನ್, ಬಾಳೆಹಣ್ಣು, ಖರ್ಜೂರ ಈ ಐದನ್ನು ಬಿಟ್ಟು ಉಳಿದ ತಾಜಾ ಹಣ್ಣು-ತರಕಾರಿಗೆಲ್ಲ ಅಲ್ಲಿ ಫೈಟೊ ಕಡ್ಡಾಯ. ಅದರ ಮೇಲೆ ಕೀಟನಾಶಕದ ಉಳಿಕೆಯ ಮಿತಿ. ಪಟ್ಟಿಯಲ್ಲಿ ಬೇರೆ ಅಂಕಿ ಕೊಟ್ಟಿಲ್ಲದ ಔಷಧಿಗೆ ಕಿಲೋಗೆ 0.01 ಮಿಲಿಗ್ರಾಂ ಎಂಬುದೇ ಮಿತಿ. ಭಾರತದ ಬೆಂಡೆ, ಕರಿಬೇವುಗಳು ಅಲ್ಲಿನ ಹೆಚ್ಚುವರಿ ತಪಾಸಣೆಯ ಪಟ್ಟಿಯಲ್ಲಿವೆ. ಆ ಪಟ್ಟಿಯನ್ನು ಆಗಾಗ ಬದಲಿಸುತ್ತಾರಾದ್ದರಿಂದ ಪ್ರತಿ ಸೀಸನ್ನಿಗೂ ಹೊಸದಾಗಿ ನೋಡಿಕೊಳ್ಳಬೇಕು.

ಈ ಬಿಗಿಗೆ ಒಂದು ಹಿನ್ನೆಲೆಯಿದೆ. 2014ರ ಮೇ 1ರಿಂದ ಒಕ್ಕೂಟವು ಭಾರತದ ಮಾವು, ಬದನೆ, ಹಾಗಲ, ಪಡವಲ ಮತ್ತು ಕೆಸುವಿನ ಎಲೆಯನ್ನು (ನಮ್ಮ ಪತ್ರೊಡೆಯ ಎಲೆಯೇ) ನಿಲ್ಲಿಸಿತು. ಹಿಂದಿನ ವರ್ಷ ಭಾರತದ 207 ರವಾನೆಗಳಲ್ಲಿ ಹಣ್ಣು ನೊಣದಂಥ ಕೀಟಗಳು ಸಿಕ್ಕಿದ್ದವು. ಮಾವಿನ ನಿಷೇಧ 2015ರ ಆರಂಭದಲ್ಲಿ ಹೋಯಿತು, ತರಕಾರಿಗಳದ್ದು ಹೋಗಲು ಇನ್ನೂ ಸುಮಾರು ಎರಡು ವರ್ಷ ಹಿಡಿಯಿತು. ಆ ನಡುವೆ ಬಂದ ವ್ಯವಸ್ಥೆಯೇ ಇಂದಿಗೂ ನಡೆದಿದೆ: ಯೂರೋಪಿಗೆ ಹೋಗುವ ಮಾಲು ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಎಪೆಡಾ ಮಾನ್ಯ ಮಾಡಿದ ಪ್ಯಾಕ್‌ಹೌಸ್ (ವಿಂಗಡಿಸಿ ಪ್ಯಾಕ್ ಮಾಡುವ ಕೇಂದ್ರ) ಮೂಲಕವೇ ಹೋಗಬೇಕು, ಕ್ವಾರಂಟೈನ್ ತಪಾಸಣೆಯೂ ಅಲ್ಲೇ ಆಗಬೇಕು.

ಹೆಜ್ಜೆ 2: ಒಮ್ಮೆ ಮಾಡಿಟ್ಟರೆ ಸಾಕಾದ ನೋಂದಣಿಗಳು

ಇವು ಬೇಸರದ ಕೆಲಸ, ಕಷ್ಟದ್ದೇನಲ್ಲ. ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯ ಜಾಲತಾಣದಲ್ಲಿ ₹500 ಕಟ್ಟಿ ಐಇಸಿ (ಆಮದು-ರಫ್ತುದಾರರ ಕೋಡ್) ತೆಗೆದುಕೊಳ್ಳಿ. ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಬದಲಾಗಿರಲಿ ಬಿಡಲಿ ‘ಅಪ್‌ಡೇಟ್’ ಮಾಡಲೇಬೇಕು. ಮಾಡದಿದ್ದರೆ ಐಇಸಿ ನಿಷ್ಕ್ರಿಯವಾಗುತ್ತದೆ, ಮತ್ತು ಅದು ಗೊತ್ತಾಗುವುದು ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ) ಹಾಕುವ ದಿನ, ಕಂಟೇನರ್ ರಸ್ತೆಯ ಮೇಲಿರುವಾಗ.

ಆಮೇಲೆ ಎಪೆಡಾದ ಸದಸ್ಯತ್ವ ಪ್ರಮಾಣಪತ್ರ, ಆರ್‌ಸಿಎಂಸಿ. ಶುಲ್ಕ ₹5,000 ಮತ್ತು ಅದರ ಮೇಲೆ ಜಿಎಸ್‌ಟಿ, ಅವಧಿ 5 ವರ್ಷ. ಎಪೆಡಾದ ಮುಂಬಯಿ ಪ್ರಾದೇಶಿಕ ಕಚೇರಿ ವಾಶಿಯಲ್ಲೇ ಇರುವುದು ನಮಗೆ ಅನುಕೂಲ. ರಫ್ತಿಗೆ ಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕೇಂದ್ರ ಪರವಾನಗಿ, ರಫ್ತಿನ ಹಣ ಬರುವ ಬ್ಯಾಂಕನ್ನು ಗುರುತಿಸುವ ಎಡಿ ಕೋಡ್‌ನ ಪತ್ರ ಆ ಬ್ಯಾಂಕಿನಿಂದ, ಅದನ್ನು ಕಸ್ಟಮ್ಸಿನ ಜಾಲತಾಣವಾದ ಐಸ್‌ಗೇಟ್‌ನಲ್ಲಿ ನೋಂದಾಯಿಸುವುದು, ಸಸ್ಯ ಕ್ವಾರಂಟೈನ್ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ರಫ್ತುದಾರನಾಗಿ ಖಾತೆ ತೆರೆಯುವುದು, ಇಷ್ಟನ್ನು ಸೀಸನ್ನಿಗೆ ಎರಡು ತಿಂಗಳು ಮೊದಲೇ ಮುಗಿಸಿಡಿ. ಹೆಸರು ಮತ್ತು ವಿಳಾಸದ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಒಂದರಲ್ಲಿ ‘ಟ್ರೇಡರ್ಸ್’, ಇನ್ನೊಂದರಲ್ಲಿ ‘ಟ್ರೇಡಿಂಗ್ ಕಂಪನಿ’ ಎಂದಿದ್ದರೆ ಅದು ಎಲ್ಲೋ ಒಂದು ಕಡೆ ತೊಡರುತ್ತದೆ.

ಹೆಜ್ಜೆ 3: ಇವತ್ತು ಕಳಿಸಲು ಅನುಮತಿ ಇದೆಯೇ?

ಇದನ್ನು ಮರೆತವರು ಈರುಳ್ಳಿಯಲ್ಲಿ ಕೈಸುಟ್ಟುಕೊಂಡಿದ್ದಾರೆ. 2023ರ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಬಂತು, ಡಿಸೆಂಬರ್ 8ರಿಂದ ರಫ್ತೇ ನಿಂತಿತು. 2024ರ ಮೇ 4ರಂದು ತೆರವಾದಾಗ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ, ಶೇ 40 ಸುಂಕ ಎರಡೂ ಇದ್ದವು. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ರದ್ದಾಗಿ ಸುಂಕ ಶೇ 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಅದೂ ಹೋಯಿತು. ಎರಡು ವರ್ಷದೊಳಗೆ ಒಂದೇ ಬೆಳೆಗೆ ಇಷ್ಟು ತಿರುವು!

ನಮ್ಮ ಕಡೆಯ ರೋಸ್ ಈರುಳ್ಳಿಗೆ ಈ ನಡುವೆಯೂ ಒಂದು ಕಿಂಡಿ ಇತ್ತು. ‘ಬೆಂಗಳೂರು ರೋಸ್’ ತಳಿ ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ 2023ರ ಸೆಪ್ಟೆಂಬರ್ ಕೊನೆಯಿಂದ ಸುಂಕದ ವಿನಾಯಿತಿ ಸಿಕ್ಕಿತು. ಸರಕನ್ನು ಗುರುತಿಸುವ ಎಂಟು ಅಂಕಿಯ ಐಟಿಸಿ-ಎಚ್‌ಎಸ್ ಕೋಡ್ ಸರಿಯಾಗಿರಬೇಕು ಎನ್ನುವುದು ಇದಕ್ಕೇ. ಸಾಮಾನ್ಯ ಈರುಳ್ಳಿ 07031019, ರೋಸ್ ಈರುಳ್ಳಿ 07031011. ನಿಷೇಧದ ಅಧಿಸೂಚನೆ ಹೊರಟಿದ್ದು ಮೊದಲನೆಯ ಕೋಡಿನ ಮೇಲೆ.

ಹಾಗಾಗಿ ದರ ಹೇಳುವ ಮುನ್ನ ಒಮ್ಮೆ, ಲೋಡ್ ಮಾಡುವ ಹಿಂದಿನ ದಿನ ಇನ್ನೊಮ್ಮೆ ಡಿಜಿಎಫ್‌ಟಿ ಅಧಿಸೂಚನೆಗಳನ್ನು ನೋಡಿ. ಗಿರಾಕಿಯ ಜೊತೆಗಿನ ಒಪ್ಪಂದದಲ್ಲಿ ‘ಸರ್ಕಾರ ಸುಂಕ ಹಾಕಿದರೆ ಅದು ಕೊಳ್ಳುವವರ ಮೇಲೆ’ ಎಂಬ ಒಂದು ಸಾಲು ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಗಿರಾಕಿಗೆ ಈರುಳ್ಳಿ ಮಾರದಿರುವುದೇ ಲೇಸು.

ಹೆಜ್ಜೆ 4: ತೋಟ, ಔಷಧಿ, ಲ್ಯಾಬು

ದ್ರಾಕ್ಷಿ, ದಾಳಿಂಬೆ, ಮಾವು, ಬೆಂಡೆ ಮುಂತಾದವನ್ನು ಯೂರೋಪಿಗೆ ಕಳಿಸುವುದಿದ್ದರೆ ತೋಟ ಎಪೆಡಾದ ಆನ್‌ಲೈನ್ ವ್ಯವಸ್ಥೆಯಾದ ಹಾರ್ಟಿನೆಟ್‌ನಲ್ಲಿ ದಾಖಲಾಗಿರಬೇಕು. ನೋಂದಣಿ ಮಾಡುವುದು ತೋಟವಿರುವ ರಾಜ್ಯದ ತೋಟಗಾರಿಕೆ ಇಲಾಖೆ. ತೋಟ ಇಂಡಿಯಲ್ಲಿದ್ದರೆ ಕರ್ನಾಟಕದಲ್ಲೇ ಮಾಡಿಸಬೇಕು. ನೀವು ನವಿ ಮುಂಬಯಿಯ ನೆರೂಳಿನಲ್ಲಿ ಇದ್ದೀರಿ ಎಂಬುದರಿಂದ ಏನೂ ಬದಲಾಗದು.

ದ್ರಾಕ್ಷಿಯ ವ್ಯವಸ್ಥೆಯೇ ಇದಕ್ಕೆಲ್ಲ ಮಾದರಿ. 2003ರಲ್ಲಿ ಔಷಧಿ ಉಳಿಕೆಯಿಂದಾಗಿ ಭಾರತದ ದ್ರಾಕ್ಷಿಗೆ ಯೂರೋಪಿನಲ್ಲಿ ಪೆಟ್ಟು ಬಿದ್ದ ಮೇಲೆ ಉಳಿಕೆ ನಿಗಾ ಯೋಜನೆ ಶುರುವಾಯಿತು, 2006ರಲ್ಲಿ ದ್ರಾಕ್ಷಿ ಯಾವ ತೋಟದ್ದೆಂದು ಜಾಡು ಹಿಡಿಯುವ ಆನ್‌ಲೈನ್ ವ್ಯವಸ್ಥೆ ಗ್ರೇಪ್‌ನೆಟ್ ಬಂತು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೇ ಇದರ ಉಲ್ಲೇಖ ಪ್ರಯೋಗಾಲಯ. ಇಷ್ಟಾದರೂ 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕು ಕಂಟೇನರುಗಳು ಅಲ್ಲೇ ಸಿಕ್ಕಿಬಿದ್ದವು. ಆ ರಾಸಾಯನಿಕ ನಮ್ಮ ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ.

ಇದರಿಂದ ತಿಳಿಯಬೇಕಾದದ್ದು: ಲ್ಯಾಬ್ ವರದಿಯಲ್ಲಿ ‘ಪಾಸ್’ ಎಂದು ನೋಡಿ ಬದಿಗಿಡಬೇಡಿ. ಎಷ್ಟು ರಾಸಾಯನಿಕ ಹುಡುಕಿದ್ದಾರೆ, ರೈತ ಹೊಡೆದ ಔಷಧಿ ಆ ಪಟ್ಟಿಯಲ್ಲಿದೆಯೇ, ಹೋಲಿಸಿದ ಮಿತಿ ಭಾರತದ್ದೋ ಗಿರಾಕಿಯ ದೇಶದ್ದೋ, ಈ ಮೂರನ್ನೂ ನೋಡಿ. ಕ್ಲೋರ್‌ಪೈರಿಫಾಸ್ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಹಳ್ಳಿಯ ಅಂಗಡಿಯಲ್ಲೂ ಸಿಗುವ ಔಷಧಿ, ಯೂರೋಪಿನಲ್ಲಿ 2020ರ ನವೆಂಬರ್‌ನಿಂದ ಅದರ ಮಿತಿ 0.01ಕ್ಕೆ ಇಳಿದಿದೆ. ರೈತ ಹೊಡೆಯದಿದ್ದರೂ ಪಕ್ಕದ ಹೊಲದಿಂದ ಗಾಳಿಗೆ ತೂರಿ ಬಂದದ್ದೇ ಸಾಕು, ವರದಿ ಕೆಡಲು. ಗಡಿಯ ಎರಡು ಸಾಲನ್ನು ರಫ್ತಿನ ಕಟಾವಿಗೆ ಸೇರಿಸದಿರುವುದು ಅಗ್ಗದ ವಿಮೆ.

ಸ್ಯಾಂಪಲ್ ತೆಗೆಯುವುದು ಕಟಾವಿಗೆ ಮುಂಚೆ. ಕೊಯ್ದ ಮೇಲೆ ಪರೀಕ್ಷೆಗೆ ಕಳಿಸಿ ವರದಿಗೆ ಕಾಯುತ್ತ ಕುಳಿತರೆ ಅಷ್ಟರಲ್ಲಿ ಬೆಂಡೆ ಬಲಿತು ನಾರಾಗುತ್ತದೆ. ಸ್ಯಾಂಪಲ್ ಕೊಟ್ಟ ನಂತರ ಮತ್ತೊಂದು ಸಿಂಪಡಣೆ ಆದರೆ ಹಳೆಯ ವರದಿಗೆ ಬೆಲೆಯಿಲ್ಲ ಎಂದು ರೈತನಿಗೆ ಮೊದಲೇ ಬಿಡಿಸಿ ಹೇಳಬೇಕು.

ಹೆಜ್ಜೆ 5: ಕಟಾವು ಮತ್ತು ಕೀಟಮುಕ್ತ ಚಿಕಿತ್ಸೆ

ಮಾವನ್ನು ಒಂದು ಸೆಂಟಿಮೀಟರಿನಷ್ಟು ತೊಟ್ಟು ಬಿಟ್ಟು ಕತ್ತರಿಸಿ, ತಲೆಕೆಳಗು ಇಟ್ಟು ಸೊನೆ ಇಳಿಸಬೇಕು. ಸಿಪ್ಪೆಗೆ ತಾಗಿದ ಸೊನೆ ಮೊದಲ ದಿನ ಕಾಣದು, ಬಿಸಿನೀರಿನ ಚಿಕಿತ್ಸೆಯ ನಂತರ ಕಪ್ಪು ಕಲೆಯಾಗಿ ಏಳುತ್ತದೆ. ಬಲಿತಿದೆಯೇ ನೋಡಲು ನೀರಿನ ತೊಟ್ಟಿಯೇ ಸಾಕು: ಮುಳುಗುವುದು ರಫ್ತಿಗೆ, ತೇಲುವುದು ಲೋಕಲ್ಲಿಗೆ.

ದೇಶಕ್ಕೊಂದು ಚಿಕಿತ್ಸೆ ಇದೆ. ಯೂರೋಪಿಗೆ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ನಿಮಿಷ ಇಡುತ್ತಾರೆ. ಜಪಾನಿಗೆ ಹಬೆ ಚಿಕಿತ್ಸೆ, ಹಣ್ಣಿನ ತಿರುಳು 47.5 ಡಿಗ್ರಿ ಮುಟ್ಟಿದ ಮೇಲೆ 20 ನಿಮಿಷ. ಅಮೆರಿಕಕ್ಕೆ ಕನಿಷ್ಠ 400 ಗ್ರೇ ವಿಕಿರಣ. ಮಹಾರಾಷ್ಟ್ರ ರಾಜ್ಯ ಕೃಷಿ ಮಾರುಕಟ್ಟೆ ಮಂಡಳಿಯ ಈ ಸೌಲಭ್ಯಗಳು ವಾಶಿಯಲ್ಲೇ ಇವೆ. ವಿಕಿರಣಕ್ಕೆ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲೂ ಘಟಕವಿದೆ. ಸೀಸನ್ನಿನ ನಡುವೆ ಸರದಿ ಸಿಗುವುದೇ ಕಷ್ಟ. ಲಾರಿ ಹೊರಡಿಸುವ ಮುನ್ನ ಸ್ಲಾಟ್ ಖಚಿತಪಡಿಸಿಕೊಳ್ಳಿ.

ಬಿಸಿನೀರಿನಲ್ಲಿ ಕೆಡುವುದು ಹೆಚ್ಚಾಗಿ ಎಳೆಯ ಕಾಯಿ, ಸಿಪ್ಪೆ ಸುಕ್ಕಾಗಿ ಬೆಂದಂತಾಗುತ್ತದೆ. ತೊಟ್ಟಿಯಲ್ಲಿ ದೊಡ್ಡ ಹಣ್ಣು, ಸಣ್ಣ ಹಣ್ಣು ಬೆರಸಿದರೆ ದೊಡ್ಡದರ ಒಳಗೆ ಶಾಖ ಸಾಲದೆ ಮರಿಹುಳು ಬದುಕುತ್ತದೆ, ಸಣ್ಣದು ಬೇಯುತ್ತದೆ. ಗಾತ್ರದ ಪ್ರಕಾರ ವಿಂಗಡಣೆ ಚಿಕಿತ್ಸೆಗೆ ಮುಂಚೆಯೇ ಆಗಬೇಕು. ಹಾಪುಸಿನಲ್ಲಿ (ಅಲ್ಫಾನ್ಸೊ ಮಾವಿನಲ್ಲಿ) ಮರಾಠಿಯವರು ‘ಸಾಕಾ’ ಎನ್ನುವ ಒಳಗಿನ ಬಿಳಿ ಸ್ಪಂಜಿನ ದೋಷ ಹೊರಗಿನಿಂದ ಕಾಣುವುದಿಲ್ಲ; ಪ್ರತಿ ತೋಟದ ಮಾಲಿನಿಂದ ಹತ್ತಾರು ಹಣ್ಣು ಕೊಯ್ದು ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಚಿಕಿತ್ಸೆ ಆದ ಹಣ್ಣು ಸೊಳ್ಳೆಪರದೆಯಂಥ ಜಾಲಿ ಇರುವ ಕೋಣೆಯಲ್ಲೇ ಆರಬೇಕು, ಅಲ್ಲೇ ಪ್ಯಾಕ್ ಆಗಬೇಕು. ಬಾಗಿಲು ತೆರೆದಿಟ್ಟರೆ ನೊಣ ಮತ್ತೆ ಬಂದು ಮೊಟ್ಟೆ ಇಡುತ್ತದೆ, ಮಾಡಿದ್ದೆಲ್ಲ ನೀರುಪಾಲು.

ದ್ರಾಕ್ಷಿಗೆ ಶಾಖದ ಬದಲು ಚಳಿ. ಬೆಳಗಿನ ತಂಪಿನಲ್ಲಿ ಕೊಯ್ದು ಆರೇಳು ಗಂಟೆಯೊಳಗೆ ಪ್ರೀಕೂಲಿಂಗ್‌ಗೆ ಸೇರಿಸಿ, ಕಾಳಿನ ಒಳಗಿನ ಶಾಖ 4 ಡಿಗ್ರಿಗಿಂತ ಕೆಳಗೆ ಇಳಿಸಿ, 0 ಡಿಗ್ರಿಯ ಆಸುಪಾಸು ಇಡಬೇಕು. ಬಾಕ್ಸಿನೊಳಗೆ ಗಂಧಕದ ಡೈಆಕ್ಸೈಡ್ ಬಿಡುವ ಪ್ಯಾಡ್ ಇಡುವುದು ಬೂಷ್ಟು ತಡೆಯಲು. ಬಿಸಿ ಇರುವ ಗೊಂಚಲಿನ ಮೇಲೆ ಪ್ಯಾಡ್ ಇಟ್ಟು ಲೈನರ್ ಮುಚ್ಚಿದರೆ ನೀರು ಬಸಿದು ಪ್ಯಾಡ್ ಒಮ್ಮೆಗೇ ಅನಿಲ ಉಗುಳುತ್ತದೆ. ಕಾಳು ತೊಟ್ಟಿನ ಹತ್ತಿರ ಬಿಳಿಚಿಕೊಳ್ಳುತ್ತದೆ, ಉಳಿಕೆಯೂ ಮಿತಿ ದಾಟುತ್ತದೆ. ಯೂರೋಪಿಗೆ ದ್ರಾಕ್ಷಿ ಕಳಿಸಲು ಅಗ್‌ಮಾರ್ಕ್ ಶ್ರೇಣಿ ಪ್ರಮಾಣಪತ್ರವೂ ಬೇಕೆಂದು ನೆನಪಿರಲಿ.

ಹೆಜ್ಜೆ 6: ಬಾಕ್ಸು ಮತ್ತು ಹಲಗೆ

ತೂಕ ದಾರಿಯಲ್ಲಿ ಇಳಿಯುತ್ತದೆ. 3 ಕಿಲೋ ಎಂದು ಅಚ್ಚಾದ ಮಾವಿನ ಬಾಕ್ಸಿಗೆ 3.1 ಕಿಲೋ ತುಂಬಿ. ಮರದ ಪ್ಯಾಲೆಟ್ ಬಳಸಿದರೆ ಅದಕ್ಕೆ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು, ಅಂದರೆ ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು ಅಥವಾ ಧೂಮೀಕರಣ ಆಗಿರಬೇಕು. ಮುರಿದ ಪ್ಯಾಲೆಟ್ಟಿಗೆ ಸಿಕ್ಕಿದ ಹಲಗೆ ಹೊಡೆದು ರಿಪೇರಿ ಮಾಡುವುದುಂಟು. ಆ ಒಂದು ಮುದ್ರೆಯಿಲ್ಲದ ಹಲಗೆಗಾಗಿ ಇಡೀ ಮಾಲು ತಡೆಯುವ ಅಧಿಕಾರ ಅಲ್ಲಿನವರಿಗಿದೆ.

ವಿಮಾನದಲ್ಲಿ ಕಳಿಸುವವರು ಗಾತ್ರದ ತೂಕ ಲೆಕ್ಕ ಹಾಕಬೇಕು: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. 60×40×40ರ ಥರ್ಮೊಕೋಲ್ ಬಾಕ್ಸಿಗೆ 16 ಕಿಲೋ ಬರುತ್ತದೆ. ಅದರಲ್ಲಿ 7 ಕಿಲೋ ಸೊಪ್ಪು ತುಂಬಿದರೂ ಬಾಡಿಗೆ 16 ಕಿಲೋಗೇ. ಸೊಪ್ಪಿನ ದರ ಕೇಳಿದ ಗಿರಾಕಿಗೆ ಈ ಲೆಕ್ಕ ಹಾಕದೆ ಉತ್ತರಿಸಬೇಡಿ.

ಹೆಜ್ಜೆ 7: ಫೈಟೊ

ಮುಂಬಯಿಯಲ್ಲಿ ಇದಕ್ಕೆ ಶಿವಡಿಯ ಹಾಜಿ ಬಂದರ್ ರಸ್ತೆಯಲ್ಲಿರುವ ಪ್ರಾದೇಶಿಕ ಸಸ್ಯ ಕ್ವಾರಂಟೈನ್ ಕೇಂದ್ರ ಮುಖ್ಯ. ಅರ್ಜಿ ಆನ್‌ಲೈನ್. ತಪಾಸಣಾಧಿಕಾರಿ ಮಾಲು ನೋಡಿದ ಮೇಲೆ ಪ್ರಮಾಣಪತ್ರ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದ ಕಾಗದ ಇದೇ. ಬೆಳೆಯ ಸಸ್ಯಶಾಸ್ತ್ರೀಯ ಹೆಸರು, ಬಾಕ್ಸುಗಳ ಸಂಖ್ಯೆ, ನಿವ್ವಳ ತೂಕ, ಬಾಕ್ಸಿನ ಮೇಲಿನ ಗುರುತು, ಪಡೆಯುವವರ ವಿಳಾಸ, ಚಿಕಿತ್ಸೆಯ ದಿನಾಂಕ, ಉಷ್ಣತೆ ಮತ್ತು ಅವಧಿ: ಪ್ರತಿಯೊಂದೂ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟಿಗೆ ಅಕ್ಷರಶಃ ಹೊಂದಬೇಕು. ಗಿರಾಕಿಯ ದೇಶ ಕೇಳುವ ಹೆಚ್ಚುವರಿ ಘೋಷಣೆಯ ಒಕ್ಕಣೆ ಒಂದು ಪದವೂ ಆಚೀಚೆ ಆಗಬಾರದು. ಅದನ್ನು ಗಿರಾಕಿಯಿಂದ ಬರಹದಲ್ಲಿ ತರಿಸಿಕೊಂಡು ಅರ್ಜಿಗೆ ಹಾಕಿ. ಯೂರೋಪಿಗೆ ಹೋಗುವುದಾದರೆ ಮಾಲು ಹೊರಡುವ ದಿನಕ್ಕೆ ಪ್ರಮಾಣಪತ್ರ 14 ದಿನಕ್ಕಿಂತ ಹಳೆಯದಾಗಿರಬಾರದು. ವಿಮಾನ ತುಂಬಿ ಹತ್ತು ಬಾಕ್ಸು ಹಿಂದುಳಿದವೋ, ಫೈಟೊ ಮತ್ತೆ ಮಾಡಿಸಿ. ಪೆನ್ನಿನಲ್ಲಿ ತಿದ್ದಿದ ಅಂಕಿಯನ್ನು ಯಾವ ಬಂದರೂ ಒಪ್ಪುವುದಿಲ್ಲ.

ಕಾಗದದ ತಪ್ಪಿನ ಬೆಲೆ ಎಷ್ಟು ಎನ್ನುವುದಕ್ಕೆ 2025ರ ಮೇ ತಿಂಗಳನ್ನು ನೋಡಬೇಕು. ಆ ತಿಂಗಳ 8 ಮತ್ತು 9ರಂದು ನವಿ ಮುಂಬಯಿಯಲ್ಲಿ ವಿಕಿರಣಕ್ಕೆ ಒಳಪಟ್ಟ ಮಾವಿನ 15 ರವಾನೆಗಳು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ವಿಮಾನ ನಿಲ್ದಾಣಗಳಲ್ಲಿ ತಿರಸ್ಕೃತವಾದವು. ಹಣ್ಣಿನಲ್ಲಿ ಹುಳು ಸಿಕ್ಕಿರಲಿಲ್ಲ. ವಿಕಿರಣಕ್ಕೆ ಸಂಬಂಧಿಸಿದ ಪಿಪಿಕ್ಯೂ 203 ಎಂಬ ನಮೂನೆ ಸರಿಯಿಲ್ಲ ಎಂಬುದೇ ಕಾರಣ. ವಾಪಸ್ ತರುವ ಖರ್ಚಿಗಿಂತ ಅಲ್ಲೇ ನಾಶಪಡಿಸುವುದು ಅಗ್ಗವೆಂದು ರಫ್ತುದಾರರು ಹಾಗೆಯೇ ಮಾಡಿದರು. ಸುಮಾರು 5 ಲಕ್ಷ ಡಾಲರ್ ನಷ್ಟ. ಇನ್ನೊಬ್ಬರು ಭರ್ತಿ ಮಾಡುವ ನಮೂನೆಯನ್ನೂ ನೀವೇ ಓದಿ, ಫೋಟೊ ತೆಗೆದುಕೊಂಡು, ಗಿರಾಕಿಯ ಕ್ಲಿಯರಿಂಗ್ ಏಜೆಂಟರಿಗೆ ವಿಮಾನ ಏರುವ ಮುನ್ನವೇ ಕಳಿಸಿ ‘ಸರಿಯಿದೆ’ ಅನಿಸಿಕೊಳ್ಳಿ.

ಹೆಜ್ಜೆ 8: ರೀಫರ್ ಕಂಟೇನರ್

ರೀಫರ್, ಅಂದರೆ ಶೀತಲ ಕಂಟೇನರ್, ತಂಪನ್ನು ಕಾಯುತ್ತದೆ, ಬಿಸಿ ಮಾಲನ್ನು ತಣಿಸುವ ಶಕ್ತಿ ಅದಕ್ಕಿಲ್ಲ. ಇಷ್ಟು ತಿಳಿಯದೆ ಲೋಡ್ ಮಾಡಿದ ಮಾಲು ನಡುವಿನ ಪ್ಯಾಲೆಟ್ಟಿನಿಂದ ಕೊಳೆಯಲು ಶುರುವಾಗುತ್ತದೆ. ದಾಳಿಂಬೆಗೆ 5ರಿಂದ 7 ಡಿಗ್ರಿ, ಹಾಪುಸಿಗೆ ಮತ್ತು ಬಾಳೆಗೆ 13ರ ಆಸುಪಾಸು, ಬೆಂಡೆಗೆ 7ರಿಂದ 10, ಹಾಗಲಕ್ಕೆ 10ರಿಂದ 12. ಹಾಪುಸನ್ನು 8 ಡಿಗ್ರಿಯಲ್ಲಿ ಕಳಿಸಿದರೆ ಹೊರಗೆ ನೋಡಲು ಚೆಂದ, ಆಮೇಲೆ ಎಷ್ಟು ದಿನ ಇಟ್ಟರೂ ಸರಿಯಾಗಿ ಹಣ್ಣಾಗದು. ಬುಕಿಂಗ್ ಪತ್ರದಲ್ಲಿ ‘ಪ್ಲಸ್ 13 ಸೆಲ್ಸಿಯಸ್’ ಎಂದು ಅಕ್ಷರದಲ್ಲೇ ಬರೆಯಿರಿ. ಮೈನಸ್ ಚಿಹ್ನೆ ಬಿದ್ದು ಹೆಪ್ಪುಗಟ್ಟಿದ ಹಣ್ಣಿಗೆ ಯಾರೂ ಹಣ ಕೊಡುವುದಿಲ್ಲ. ಗಾಳಿಕಿಂಡಿ ಎಷ್ಟು ತೆರೆಯಬೇಕು ಎಂಬುದನ್ನೂ ಅದರಲ್ಲೇ ಹೇಳಬೇಕು.

ಒಂದೇ ಕಂಟೇನರಿನಲ್ಲಿ ಪಪ್ಪಾಯಿ, ಚಿಕ್ಕು, ಬಾಳೆಯ ಜೊತೆ ತರಕಾರಿ ಸೇರಿಸಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಬೆಂಡೆ, ಸೊಪ್ಪು ಹಳದಿಯಾಗುತ್ತವೆ. ಕೊಲ್ಲಿಗೆ ‘ಮಿಕ್ಸ್’ ಕಳಿಸುವವರು ಇದನ್ನು ಕಂಡೂ ಕಾಣದಂತೆ ಇರುತ್ತಾರೆ, ದಾರಿ ಚಿಕ್ಕದಾದ್ದರಿಂದ ನಡೆದುಹೋಗುತ್ತದೆ. ಯೂರೋಪಿನ ದಾರಿಯಲ್ಲಿ ನಡೆಯದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿ ಎರಡು ವಾರದವರೆಗೂ ಹೆಚ್ಚು ಹಿಡಿದದ್ದುಂಟು. ಯಾವ ದಾರಿ ಎಂದು ಕೇಳಿಯೇ ಹಡಗು ಬುಕ್ ಮಾಡಿ.

ಖಾಲಿ ಕಂಟೇನರ್ ಬಂದಾಗ ಪಿಟಿಐ (ಪಯಣಕ್ಕೆ ಮುಂಚಿನ) ತಪಾಸಣೆಯ ದಿನಾಂಕ, ಒಳಗಿನ ವಾಸನೆ, ಬಾಗಿಲಿನ ರಬ್ಬರು ನೋಡಿ. ಕೆಂಪು ಗೆರೆಯ ಮೇಲೆ ಬಾಕ್ಸ್ ಪೇರಿಸಬೇಡಿ, ಗಾಳಿಯ ದಾರಿ ಕಟ್ಟುತ್ತದೆ. ಎರಡು ಉಷ್ಣತಾ ದಾಖಲೆ ಯಂತ್ರ ಹಾಕಿ, ಒಂದು ನಡುವೆ, ಒಂದು ಬಾಗಿಲ ಹತ್ತಿರ.

ಹೆಜ್ಜೆ 9: ಕಸ್ಟಮ್ಸ್ ಮತ್ತು ಬಂದರು

ಕಸ್ಟಮ್ಸ್ ಬ್ರೋಕರ್ ಶಿಪ್ಪಿಂಗ್ ಬಿಲ್ಲಿನ ಚೆಕ್‌ಲಿಸ್ಟ್ ಕಳಿಸುತ್ತಾರೆ. ಅದನ್ನು ವಾಟ್ಸ್ಯಾಪಿನಲ್ಲಿ ‘ಓಕೆ’ ಎನ್ನುವ ಮುನ್ನ ಎಚ್‌ಎಸ್ ಕೋಡ್, ತೂಕ, ಕರೆನ್ಸಿ, ರಫ್ತು ಪ್ರೋತ್ಸಾಹಕ್ಕೆ ‘ಹೌದು’ ಎಂದು ಗುರುತಾಗಿದೆಯೇ, ಇಷ್ಟು ನೋಡಿ. ನ್ಹಾವಾ ಶೇವಾ ಬಂದರಿನ ಗೇಟಿನೊಳಗೆ ಹೋಗಲು ಫಾರ್ಮ್ 13 ಬೇಕು. 2016ರ ಜುಲೈ 1ರಿಂದ ಕಂಟೇನರಿನ ದೃಢೀಕೃತ ಒಟ್ಟು ತೂಕವೂ ಕಡ್ಡಾಯ. ಬಂದರು ಕಂಟೇನರ್ ಒಪ್ಪಿಕೊಳ್ಳುವ ಕೊನೆಯ ಗಳಿಗೆಯಾದ ಕಟ್-ಆಫ್ ಸಮಯಕ್ಕೆ ಕನಿಷ್ಠ ಅರ್ಧ ದಿನ ಮೊದಲು ಗೇಟು ಮುಟ್ಟುವಂತೆ ಲಾರಿ ಬಿಡಿ. ಉರಣ್ ರಸ್ತೆಯ ಟ್ರೇಲರ್ ಸಾಲು ಯಾರ ಅವಸರಕ್ಕೂ ಕರಗುವುದಲ್ಲ. ಲಾರಿಯ ಜನರೇಟರಿನಲ್ಲಿ ಡೀಸೆಲ್ ಇದೆಯೇ ಎಂದು ಚಾಲಕನನ್ನು ಕೇಳುವುದು ನಿಮ್ಮ ಕೆಲಸವೇ.

ಯುಎಇಗೆ ಹೋಗುವ ಮಾಲಿಗೆ 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಯುಎಇ ವ್ಯಾಪಾರ ಒಪ್ಪಂದದ ಪ್ರಕಾರ, ಮಾಲು ಭಾರತದ್ದೇ ಎಂದು ಹೇಳುವ ಮೂಲ ಪ್ರಮಾಣಪತ್ರ ಬೇಕೇ ಎಂದು ಗಿರಾಕಿಯನ್ನು ಕೇಳಿಕೊಳ್ಳಿ, ಬೇಕೆಂದರೆ ಆನ್‌ಲೈನಿನಲ್ಲೇ ಸಿಗುತ್ತದೆ.

ಹೆಜ್ಜೆ 10: ಹಣ

ತಾಜಾ ಮಾಲಿನ ವ್ಯಾಪಾರದಲ್ಲಿ ‘ಕಳಿಸಿ, ಮಾರಿದ ಮೇಲೆ ಲೆಕ್ಕ ಕೊಡುತ್ತೇವೆ’ ಎನ್ನುವ ಪದ್ಧತಿ ಹಳೆಯದು, ವಿಶೇಷವಾಗಿ ದ್ರಾಕ್ಷಿಯಲ್ಲಿ. ಹೊಸಬರು ಇದಕ್ಕೆ ಒಪ್ಪಲೇಬಾರದು. ಬಿಡಲು ಆಗದಿದ್ದರೆ ಕನಿಷ್ಠ ಖಾತರಿ ದರ ಬರೆಸಿಕೊಳ್ಳಿ, ಅದರ ಅರ್ಧವನ್ನಾದರೂ ಮುಂಗಡ ಪಡೆಯಿರಿ, ಉಳಿದದ್ದಕ್ಕೆ ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ. ವಿಮೆ ಮಾಡಿಸುವಾಗ ಗಿರಾಕಿಯ ಹೆಸರಿಗೆ ಎಷ್ಟು ಮಿತಿ ಕೊಡುತ್ತಾರೆ ಎಂಬುದರಿಂದಲೇ ಆತನ ಬಗ್ಗೆ ಒಂದಿಷ್ಟು ತಿಳಿಯುತ್ತದೆ.

ಮಾಲು ಕೆಟ್ಟಿದೆ ಎಂಬ ತಕರಾರು ಬಂದೇ ಬರುತ್ತದೆ. ಕಂಟೇನರ್ ಬಾಗಿಲು ತೆರೆದ 24 ಗಂಟೆಯೊಳಗೆ ಫೋಟೊ ಸಹಿತ ತಿಳಿಸಬೇಕು, ಶೇ 5ಕ್ಕಿಂತ ಹೆಚ್ಚಿನ ಹಾನಿಗೆ ಮೂರನೆಯವರ ಸರ್ವೆ ವರದಿ ಬೇಕು ಎಂದು ಒಪ್ಪಂದದಲ್ಲೇ ಇರಲಿ. ಫೋಟೊದಲ್ಲಿ ಬಾಕ್ಸಿನ ಲಾಟ್ ನಂಬರ್, ಕಂಟೇನರ್ ನಂಬರ್ ಎರಡೂ ಕಾಣಬೇಕು; ಬೇರೆಯವರ ಕೊಳೆತ ಹಣ್ಣಿನ ಚಿತ್ರ ಕಳಿಸಿದ ಗಿರಾಕಿಗಳಿದ್ದಾರೆ. ಆಗ ಉಷ್ಣತಾ ಯಂತ್ರದ ದಾಖಲೆ ತರಿಸಿ. ಅದು ದಾರಿಯುದ್ದಕ್ಕೂ ಸರಿಯಿದ್ದರೆ ತಪ್ಪು ನಿಮ್ಮ ಪ್ಯಾಕ್‌ಹೌಸಿನದು ಅಥವಾ ಗಿರಾಕಿಯ ಗೋದಾಮಿನದು. ನಡುವೆ ಏರಿದ್ದರೆ ಹಡಗು ಕಂಪನಿಗೆ ಕ್ಲೇಮ್ ಹಾಕಿ, ಮತ್ತು ಹಡಗು ಕಂಪನಿ ಕೊಡುವ ಸಾಗಣೆ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯಲ್ಲಿ ಅದಕ್ಕೆ ಎಷ್ಟು ದಿನದ ಗಡುವಿದೆ ಎಂದು ಅದೇ ದಿನ ಓದಿ.